ಕಾರಿನ ಟಿವಿಗೆ ನಾನು ಬಿಟ್ಟ ಎಣ್ಣೆ

ನನ್ನ ಮಗಳಿಗೆ ಕತ್ತು ತಿರುಗುವುದಿಲ್ಲ. ಸ್ಕೂಟರಿನಲ್ಲಿ ಸ್ಕೂಲಿಗೆ ಹೋಗುವಾಗ ನಾಯಿ ಅಡ್ಡ ಬಂತು, ಬಿದ್ದಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕತ್ತಿನ ಮೂಳೆಗೆ ಪ್ಲೇಟು ಹಾಕಿದರು. ಜೀವ ಉಳಿಯಿತು, ಕೈಕಾಲು ಉಳಿದವು, ಕತ್ತು ಮಾತ್ರ ಕಂಬದ ಹಾಗೆ ನಿಂತುಬಿಟ್ಟಿತು. ಇನ್ನು ಸ್ಕೂಟರು ಮುಟ್ಟಬಾರದು, ಬಸ್ಸಿನಲ್ಲಿ ನಿಂತು ಕುಲುಕಾಡಬಾರದು ಎಂದು ಹೇಳಿ ಕಳಿಸಿದರು.

ಅವಳಿಗೆ ನಲವತ್ತೇಳು. ಮದುವೆಯಾಗಲಿಲ್ಲ. ಯಾಕೆ ಎಂದು ಊರವರು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾರೆ, ನಾನೂ ಬಿಟ್ಟಿದ್ದೇನೆ. ಕಂದಿಕೆರೆಯಿಂದ ಆಚೆ ಒಂದು ಹಳ್ಳಿಯಲ್ಲಿ ಟೀಚರು ಕೆಲಸ. ಆ ಕೆಲಸ ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ. ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ಮನೆಯಲ್ಲಿ ಗೋಡೆ ಕಡೆ ಮುಖ ಹಾಕಿಕೊಂಡು ಮಲಗಿದ್ದಳು. ತಂದಿಟ್ಟ ಮುದ್ದೆ ತಂದಿಟ್ಟಲ್ಲೇ ಆರುತ್ತಿತ್ತು. ಜೊತೆಯ ಟೀಚರೊಬ್ಬಳು ಮಕ್ಕಳ ಪರೀಕ್ಷೆ ಪೇಪರುಗಳನ್ನು ತಂದುಕೊಟ್ಟ ದಿನ ಎದ್ದು ಕೂತಳು. ಅವತ್ತು ನಾನು ತಿಳಿದುಕೊಂಡೆ, ಇವಳನ್ನು ಸ್ಕೂಲಿಗೆ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊನ್ನವಳ್ಳಿ ಹತ್ತಿರದ ನಮ್ಮ ತೋಟದಿಂದ ಅವಳ ಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕೆಂದರೆ ಎರಡು ಬಸ್ಸು ಬದಲಾಯಿಸಿ, ಆಮೇಲೆ ಆಟೋ ಹಿಡಿಯಬೇಕು. ಹಾಗಾಗಿ ಯಾರೋ ಓಡಿಸಿದ್ದ ಒಂದು ಹಳೇ ಕಾರು ತೆಗೆದುಕೊಂಡಳು. ಕತ್ತು ತಿರುಗದವಳು ಕಾರು ಹೇಗೆ ಓಡಿಸುತ್ತೀಯ ಎಂದು ನಾನು ಕೇಳಿದ್ದಕ್ಕೆ ಒಳಗೆ ಕೂರಿಸಿ ತೋರಿಸಿದಳು. ಸ್ಟೇರಿಂಗಿನ ಪಕ್ಕ ಒಂದು ಸ್ಕ್ರೀನು. ಹಾಡು, ಫೋನು, ದಾರಿ ಎಲ್ಲಾ ಅದರಲ್ಲೇ. ನಾನು ಅದನ್ನು ಟಿವಿ ಅನ್ನುತ್ತೇನೆ. ರಿವರ್ಸ್ ಗೇರು ಹಾಕಿದ ಕೂಡಲೇ ಟಿವಿಯಲ್ಲಿ ಕಾರಿನ ಹಿಂದೆ ಏನಿದೆಯೋ ಅದೆಲ್ಲ ಬಂತು. ನಮ್ಮ ಹಸು, ಬಿಂದಿಗೆ, ಬಾಗಿಲಲ್ಲಿ ಬಿದ್ದ ಸೋಗೆ.

"ಇದೇ ಇನ್ಮೇಲೆ ನನ್ ಕತ್ತು ಕಣವ್ವ," ಅಂದಳು.

ನಮ್ಮಲ್ಲಿ ಕಾರು ನಿಲ್ಲುವುದು ಕೊಬ್ಬರಿ ಅಟ್ಟದ ಮನೆಯ ಪಕ್ಕ, ಶೀಟಿನ ಕೆಳಗೆ. ಅಲ್ಲಿಂದ ರಸ್ತೆಯವರೆಗೆ ತೆಂಗಿನ ಮರಗಳ ನಡುವೆ ಗಾಡಿ ಹೋಗುವಷ್ಟೇ ದಾರಿ. ತಿರುಗಿಸಲು ಜಾಗವಿಲ್ಲ. ಬೆಳಿಗ್ಗೆ ಅಷ್ಟು ದೂರವೂ ಹಿಂದು ಹಿಂದಕ್ಕೇ ಬರಬೇಕು. ಸಂಜೆ ಬರುವಾಗಲೇ ರಸ್ತೆಯಿಂದ ಹಿಂದಕ್ಕೆ ತಂದು ನಿಲ್ಲಿಸೋಣವೆಂದರೆ, ಆ ತಿರುವಿನಲ್ಲಿ ಕಾಯಿ ಲಾರಿಗಳು ನುಗ್ಗುತ್ತವೆ, ಅವಳಿಗೆ ಧೈರ್ಯವಿಲ್ಲ. ಅಂತೂ ಆ ಟಿವಿ ನೋಡಿಕೊಂಡು ದಿನಾ ಹಿಂದಕ್ಕೆ ಬಂದು, ರಸ್ತೆ ಸೇರಿ, ಹಾರನ್ ಹೊಡೆದು ಹೋಗುತ್ತಿದ್ದಳು. ಆರು ತಿಂಗಳು ಚೆನ್ನಾಗಿ ನಡೆಯಿತು. ಮೈ ತುಂಬಿಕೊಂಡಳು. ನನ್ನ ಜೊತೆ ಜಗಳ ಆಡುವುದಕ್ಕೂ ಶುರು ಮಾಡಿದಳು, ಅದು ಒಳ್ಳೇ ಲಕ್ಷಣ.

ಟಿವಿಯ ಕೆಳಗೆ ಒಂದು ತಿರುಪು ಇದೆ. ತಿರುಗಿಸಿದರೆ ಸೌಂಡು ಏರುತ್ತದೆ ಇಳಿಯುತ್ತದೆ, ಒತ್ತಿದರೆ ಹಾಡು ನಿಲ್ಲುತ್ತದೆ. ಅದು ಮೊದಲಿಂದ ಬಿಗಿ. ತಿರುಗಿಸುವಾಗ ಕಿರ್ ಅನ್ನುತ್ತಿತ್ತು. ಕಾರು ಶುರು ಮಾಡಿದ ಕೂಡಲೇ ಹಿಂದಿನ ದಿನದ ಹಾಡು ಬಾಯಿ ಬಡಿದುಕೊಳ್ಳುತ್ತಿತ್ತು, ಇವಳು ತಿರುಪು ಒತ್ತಿ ಸುಮ್ಮನಾಗಿಸುತ್ತಿದ್ದಳು.

"ಈ ತಿರುಪು ಒತ್ತಿ ಒತ್ತಿ ಬೆರಳು ನೋಯ್ತವೆ," ಎಂದು ಒಂದು ಸಲ ಅಂದಳು. ಸುಮ್ಮನೆ ಅಂದದ್ದು.

ನಮ್ಮ ಕಡೆ ಎಣ್ಣೆ ಎಂದರೆ ಕೊಬ್ಬರಿ ಎಣ್ಣೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಬೀಗ ಬಿಗಿಯಾದರೆ ಎಣ್ಣೆ, ಮಚ್ಚು ತುಕ್ಕು ಹಿಡಿದರೆ ಎಣ್ಣೆ, ಹೊಲಿಗೆ ಮೆಷಿನ್ನಿಗೆ ಎಣ್ಣೆ, ಮಗುವಿನ ನೆತ್ತಿಗೆ ಎಣ್ಣೆ. ಎಪ್ಪತ್ತೈದು ವರ್ಷದಲ್ಲಿ ಎಣ್ಣೆ ಬಿಟ್ಟು ಕೆಟ್ಟ ಸಾಮಾನನ್ನು ನಾನು ನೋಡಿರಲಿಲ್ಲ. ದೀಪಾವಳಿ ಕಳೆದ ಭಾನುವಾರ ಅವಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಕಾರಿನ ಬಾಗಿಲು ತೆಗೆದು ಕೂತೆ. ದೀಪಕ್ಕೆ ಹೊಸೆದಿಟ್ಟಿದ್ದ ಹತ್ತಿ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ತಿರುಪಿನ ಸುತ್ತ ಹಿಂಡಿದೆ. ಒಳಗೆ ಇಳಿಯಲಿ ಎಂದು ಇನ್ನೆರಡು ಸಲ ಹಿಂಡಿದೆ. ತಿರುಗಿಸಿದೆ, ಒತ್ತಿದೆ. ಹೂವಿನ ಹಾಗೆ ತಿರುಗಿತು. ಹೊರಗೆ ಬಂದದ್ದನ್ನು ಸೆರಗಿನಲ್ಲಿ ಒರೆಸಿ ಎದ್ದು ಬಂದೆ. ಅವಳಿಗೆ ಹೇಳಲಿಲ್ಲ. ಬೀಗಕ್ಕೆ ಎಣ್ಣೆ ಬಿಟ್ಟರೆ ಯಾರಿಗೆ ಹೇಳುತ್ತೇವೆ.

ಚಳಿ ಹಿಡಿದ ಮೇಲೆ ಟಿವಿಗೆ ರೋಗ ಬಂತು. ಬೆಳಿಗ್ಗೆ ಕೀ ತಿರುಗಿಸಿದರೆ ಹತ್ತುತ್ತಿತ್ತು. ಕಂಪನಿಯ ಗುರುತು ಬರುತ್ತಿತ್ತು. ಎರಡು ಸಾಲು ಹಾಡುತ್ತಿತ್ತು. ಆಮೇಲೆ ಕಪ್ಪಗೆ ಆರಿಹೋಗುತ್ತಿತ್ತು. ಮತ್ತೆ ಗುರುತು, ಮತ್ತೆ ಕಪ್ಪು. ಹತ್ತುವುದು, ಆರುವುದು, ಹತ್ತುವುದು, ಆರುವುದು. ರಿವರ್ಸ್ ಹಾಕಿದರೆ ಹಿಂದಿನ ದಾರಿ ಒಂದು ಗಳಿಗೆ ಕಾಣಿಸಿ ಮಾಯವಾಗುತ್ತಿತ್ತು. ಮೊದಲ ದಿನ ಅವಳು ಅರ್ಧ ಗಂಟೆ ಕೂತು ನೋಡಿ, ಕಾರು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು. ಸಂಜೆ ಬಂದಾಗ ಭುಜ ಹಿಡಿದುಕೊಂಡಿತ್ತು, ಬಿಸಿನೀರಿನ ಶಾಖ ಕೊಟ್ಟೆ. ಆಮೇಲೆ ಹೋಗಿ ಕಾರು ಶುರು ಮಾಡಿ ನೋಡಿದರೆ ಟಿವಿ ಏನೂ ಆಗಿಲ್ಲವೆಂಬಂತೆ ಹಾಡುತ್ತಾ ಕೂತಿತ್ತು.

ಅವಳು ಬಿಡುವ ಪೈಕಿ ಅಲ್ಲ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ಒಂದೊಂದೇ ಮಾಡಿದಳು. ಫೋನಿನ ಜೋಡಣೆ ಬಿಡಿಸಿ ನೋಡಿದಳು. ಚಾರ್ಜಿನ ವೈರು ಬದಲಾಯಿಸಿದಳು. ಹಾಡು ತುಂಬಿದ್ದ ಪೆನ್‌ಡ್ರೈವ್ ಕಿತ್ತಿಟ್ಟಳು. ಟಿವಿಯೊಳಗೆ ಇದ್ದದ್ದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡಿದಳು, ಅದರಲ್ಲಿ ಅವಳು ಕೂಡಿಟ್ಟಿದ್ದ ನಂಬರುಗಳೆಲ್ಲ ಹೋದವು. ಫ್ಯೂಸು ತೆಗೆದು ಉರುಬಿ ಹಾಕಿದಳು. ಬಗ್ಗಿ ಕೆಲಸ ಮಾಡಲು ಆಗದವಳು ಕಾರಿನ ಬಾಗಿಲ ಬಳಿ ಮಂಡಿ ಊರಿ ಕೂತು, ಫೋನಿನ ಲೈಟು ನನ್ನ ಕೈಗೆ ಕೊಟ್ಟು, ಇಲ್ಲಿ ಹಿಡಿ ಅಲ್ಲಿ ಹಿಡಿ ಅನ್ನುತ್ತಿದ್ದಳು. ನಾನು ಹಿಡಿಯುತ್ತಿದ್ದೆ. ಒಂದೊಂದು ಮಾಡಿದಾಗಲೂ ಸಂಜೆ ಸರಿ ಇರುತ್ತಿತ್ತು. ಆಯ್ತು ಕಣವ್ವ, ಇದೇ ಇದ್ದಿದ್ದು ಅನ್ನುತ್ತಿದ್ದಳು. ಬೆಳಿಗ್ಗೆ ಮತ್ತೆ ಅದೇ ಗೋಳು. ಅವಳ ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದು, ಕಾರನ್ನು ತಿಪಟೂರಿನ ಗ್ಯಾರೇಜಿಗೆ ತೆಗೆದುಕೊಂಡು ಹೋದಳು. ನಾನೂ ಕೂತು ಹೋದೆ. ಹೊತ್ತು ಎರಡು ಗಂಟೆ, ಬಿಸಿಲು ಚುರುಗುಟ್ಟುತ್ತಿತ್ತು. ಗ್ಯಾರೇಜಿನವನು ಒಳಗೆ ಕೂತು ಹತ್ತು ಸಲ ಆನ್ ಮಾಡಿದ, ಆಫ್ ಮಾಡಿದ, ರಿವರ್ಸ್ ಹಾಕಿದ.

"ಎಲ್ರೀ ಮಿಸ್, ಬೆಣ್ಣೆ ಹಂಗೆ ನಡೀತೈತಲ್ಲ."

"ಬೆಳಗ್ಗೆ ಹೊತ್ತು ಬರಲ್ಲಪ್ಪ. ಈಗ ಬತ್ತದೆ."

"ಬೆಳಗ್ಗೆ ಬರಲ್ಲ ಅಂದ್ರೆ ಅದೇನ್ ಮಿಸ್, ನಮ್ ಹುಡುಗ್ರ ಹಂಗೆ ಲೇಟಾಗಿ ಏಳ್ತದಾ?"

ಅವಳು ನಗಲಿಲ್ಲ. ಚಳಿಗೆ ಬ್ಯಾಟರಿ ಸೊರಗಿರಬೇಕು ಎಂದು ಹೇಳಿ ಹೊಸ ಬ್ಯಾಟರಿ ಹಾಕಿದ. ಸೋಮವಾರ ಬೆಳಿಗ್ಗೆ ಮತ್ತೆ ಆರಿ ಹತ್ತಿತು. ಮುಂದಿನ ಶನಿವಾರ ಮತ್ತೆ ಹೋದೆವು. ಈ ಸಲ ಅವನು ಲ್ಯಾಪ್‌ಟಾಪ್ ಜೋಡಿಸಿ ಏನೋ ಹೊಸದು ತುಂಬಿದ. ಅದೂ ಆಗಲಿಲ್ಲ. ಮೂರನೇ ಸಲ ಹೋದಾಗ ಅವನಿಗೂ ಬೇಜಾರಾಗಿತ್ತು.

"ಒಂದ್ ಮಾತು ಕೇಳ್ತೀನಿ, ಸಿಟ್ಟಾಗ್ಬೇಡಿ ಮಿಸ್. ಯಾರಾದ್ರೂ ಇದಕ್ಕೆ ಕೈ ಹಾಕವ್ರಾ? ನೀರು ಗೀರು ಚೆಲ್ಲೋದು, ಪೂಜೆ ಗೀಜೆ ಅಂತ ಏನಾರ ಹುಯ್ಯೋದು?"

"ನಮ್ಮನೇಲಿ ಇರೋರೇ ಇಬ್ರು," ಅಂದಳು ಮಗಳು. ದನಿ ಬಿಗಿಯಾಗಿತ್ತು. "ನಮ್ಮವ್ವ ಇದುನ್ನ ಮುಟ್ಟೋದೂ ಇಲ್ಲ. ನಿಮ್ ಕೈಲಿ ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನಮ್ ಮೇಲೆ ಹಾಕ್ಬೇಡಿ."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ನಿಜ ಹೇಳುತ್ತೇನೆ, ಆಗಲೂ ನನಗೆ ಎಣ್ಣೆಯ ನೆನಪು ಬರಲಿಲ್ಲ. ಎಣ್ಣೆ ಬಿಡುವುದು ಕೈ ಹಾಕುವುದೆಂದು ನನ್ನ ತಲೆಗೆ ಹೊಳೆಯಲಿಲ್ಲ. ಅವಳ ಜೊತೆ ಸೇರಿಕೊಂಡು ನಾನೂ ಅವನಿಗೆ ನಾಲ್ಕು ಮಾತು ಅಂದೆ.

ನೆನಪು ಬಂದದ್ದು ಅದಾಗಿ ಎರಡು ದಿನಕ್ಕೆ. ಬೆಳಿಗ್ಗೆ ಅವಳಿಗೆ ತಲೆ ಬಾಚೋಣವೆಂದು ಎಣ್ಣೆ ಶೀಶೆ ತೆಗೆದರೆ ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಚಳಿಗಾಲದಲ್ಲಿ ದಿನಾ ಇರುವುದೇ. ಶೀಶೆಯನ್ನು ನೀರೊಲೆಯ ಕಟ್ಟೆ ಮೇಲೆ ಇಟ್ಟು ಕರಗುವುದನ್ನು ನೋಡುತ್ತಾ ನಿಂತಿದ್ದೆ. ಬೆಳಿಗ್ಗೆ ಗಟ್ಟಿ, ಬಿಸಿಲೇರಿದರೆ ನೀರು. ತಿರುಪಿಗೆ ಹಿಂಡಿದ ಬತ್ತಿ ಆಗ ನೆನಪಾಯಿತು.

ಅವಳು ಬಚ್ಚಲಿಗೆ ಹೋದಾಗ ಕಾರಿನ ಬಳಿ ಹೋದೆ. ತಿರುಪನ್ನು ಒತ್ತಿದೆ. ಒಳಗೆ ಹೋದದ್ದು ಮೇಲೆ ಬರಲಿಲ್ಲ. ಕಣ್ಣಿಗೆ ಕಾಣುವಷ್ಟಲ್ಲ, ಕೂದಲೆಳೆಯಷ್ಟು ಒಳಗೇ ಕೂತಿತ್ತು, ಬೆರಳಿಗೆ ಗೊತ್ತಾಗುತ್ತಿತ್ತು. ಸುತ್ತ ಬಿಳಿ ಜಿಡ್ಡು, ಅದಕ್ಕೆ ನಮ್ಮ ತೋಟದ ನಾರಿನ ಧೂಳು ಮೆತ್ತಿಕೊಂಡು ಅಂಟಾಗಿತ್ತು. ವಾಪಸು ಬಂದು ಒಂದು ಬಟ್ಟೆಯನ್ನು ಒಲೆಯ ಮೇಲಿನ ಹಂಡೆಗೆ ಒತ್ತಿ ಕಾಯಿಸಿ ತೆಗೆದುಕೊಂಡು ಹೋಗಿ ತಿರುಪಿನ ಮೇಲೆ ಇಟ್ಟು ಹಿಡಿದೆ. ಸ್ವಲ್ಪ ಹೊತ್ತಿಗೆ ಟಕ್ ಎಂದು ಮೇಲೆ ಬಂತು. ಅವತ್ತು ಅವಳು ಕಾರು ಶುರು ಮಾಡಿದಾಗ ಟಿವಿ ಆರಲಿಲ್ಲ.

ಅವತ್ತೇ ಹೇಳಬೇಕಿತ್ತು. ಬಾಯಿ ಬರದವಳಲ್ಲ ನಾನು. ಊರಿನಲ್ಲಿ ಯಾರ ಮುಖಕ್ಕೆ ಏನು ಹೇಳಬೇಕೋ ಹೇಳಿದವಳು. ಆದರೆ ಅವಳು ಗ್ಯಾರೇಜಿನವನ ಮುಂದೆ ನನ್ನ ಪರವಾಗಿ ಆಡಿದ ಮಾತು ಕಿವಿಯಲ್ಲಿತ್ತು. ಮಂಡಿ ಊರಿ ಕೂತು ಫ್ಯೂಸು ಕಿತ್ತದ್ದು ಕಣ್ಣಲ್ಲಿತ್ತು. ನಾನು ಲೈಟು ಹಿಡಿದಿದ್ದೆನಲ್ಲ. ಹೇಗೂ ಶಿವರಾತ್ರಿಗೆ ಚಳಿ ಹೋಗುತ್ತದೆ, ಅಲ್ಲಿಯವರೆಗೆ ದಿನಾ ಬಿಸಿ ಬಟ್ಟೆ ಇಟ್ಟರಾಯಿತು, ಬಟ್ಟೆ ಇಟ್ಟು ಇಟ್ಟು ಎಣ್ಣೆಯನ್ನೂ ಹೀರಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ.

ಅವಳು ತಿಂಡಿಗೆ ಕೂತ ಕೂಡಲೇ ಕಾರಿನ ಮೇಲಿನ ಇಬ್ಬನಿ ಒರೆಸುತ್ತೇನೆ ಎಂದು ಹೇಳಿ ಹೋಗುತ್ತಿದ್ದೆ. ಒಂದು ಕೈಯಲ್ಲಿ ಒರೆಸುವ ಬಟ್ಟೆ, ಸೆರಗಿನೊಳಗೆ ಬಿಸಿ ಬಟ್ಟೆ. ತಿರುಪು ಕಾಯಿಸಿ, ಗಾಜಿನ ಮೇಲೆ ಎರಡು ಸಲ ಕೈಯಾಡಿಸಿ ಬರುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಮೊದಮೊದಲು ಅವಳಿಗೆ ನಂಬಿಕೆ ಬರಲಿಲ್ಲ. ಕಾರಿನಿಂದ ಇಳಿದು, ಹಿಂದಕ್ಕೆ ಹೋಗಿ, ದಾರಿಯುದ್ದಕ್ಕೂ ನೋಡಿಕೊಂಡು ಬಂದು, ಆಮೇಲೆ ರಿವರ್ಸ್ ಹಾಕುತ್ತಿದ್ದಳು. ವಾರ ಕಳೆಯಿತು. ತಿಂಗಳು ಕಳೆಯಿತು.

"ತಾನಾಗೇ ಸರಿ ಹೋಯ್ತು ಕಣವ್ವ," ಎಂದಳು. "ಆ ಗ್ಯಾರೇಜಿನೋನು ತುಂಬಿದ್ದು ನಿಧಾನಕ್ಕೆ ಹಿಡೀತೇನೋ. ಪಾಪ, ಬೈದ್ಬುಟ್ಟಿದ್ದೆ."

"ಹೂಂ," ಎಂದೆ.

"ನೀನ್ ಯಾಕೆ ಈ ಚಳೀಲಿ ದಿನಾ ಕಾರು ಒರೆಸ್ತೀಯ. ಕೈ ಸೇದ್ತವೆ ಬುಡು."

"ಒರೆಸ್ದಿದ್ರೆ ಗಾಜು ಕಾಣಲ್ಲ."

ಆಮೇಲೆ ಅವಳು ಇಳಿದು ನೋಡುವುದನ್ನು ಬಿಟ್ಟಳು. ಅದನ್ನು ಬಿಟ್ಟ ದಿನ ನಾನು ಅಂಗಳದಲ್ಲೇ ಇದ್ದೆ. ಕಾರು ಹತ್ತಿದಳು, ಶುರು ಮಾಡಿದಳು, ಟಿವಿ ನೋಡಿಕೊಂಡು ಸುಯ್ಯೆಂದು ಹಿಂದಕ್ಕೆ ಹೋಗಿ ರಸ್ತೆ ಸೇರಿದಳು. ಇವಳಿಗೆ ನಂಬಿಕೆ ಬಂದುಬಿಟ್ಟಿತು ಎಂದು ನನಗೆ ಗೊತ್ತಾಯಿತು. ಅವಳು ನಂಬಿದ್ದು ಟಿವಿಯನ್ನು. ಅದರ ಹಿಂದೆ ಇದ್ದದ್ದು ನನ್ನ ಬಟ್ಟೆ ಚೂರು.

ಅದೇ ವಾರ ರೋಗ ಬಂದ ಎರಡು ಮರ ಕಡಿಸಿ, ದಾರಿ ಬದಿಗೆ ಹೊಸ ಸಸಿ ಇಡಲು ಎದೆಮಟ್ಟದ ಗುಂಡಿ ತೆಗೆಸಿದ್ದೆ. ಗುಂಡಿಗೆ ಗೊಬ್ಬರ ತುಂಬಿ ಮುಚ್ಚುವುದು ಬಾಕಿ ಇತ್ತು.

ಕೆಂಕೆರೆಯಲ್ಲಿ ನನ್ನ ನಾದಿನಿ ತೀರಿಕೊಂಡಳೆಂದು ಮಧ್ಯಾಹ್ನ ಫೋನು ಬಂತು. ಸಂಜೆ ಬಸ್ಸಿಗೆ ಹೊರಟೆ. ಮಗಳು ಪರೀಕ್ಷೆ ಕೆಲಸವಿದೆ, ಮಣ್ಣಿನ ಹೊತ್ತಿಗೆ ಸ್ಕೂಲಿನಿಂದ ನೇರ ಬತ್ತೀನಿ ಅಂದಳು. ಹೊರಡುವಾಗ ಅವಳಿಗೆ ಹೇಳಿದ್ದು ಇಷ್ಟೇ, ಹಸುವಿಗೆ ನೀರು ಇಡು, ನೀರೊಲೆ ಆರಿಸಿ ಮಲಗು. ತಿರುಪಿನ ಮಾತು ನಾಲಿಗೆ ತುದಿಗೆ ಬಂದಿತ್ತು. ನಾಳೆ ಬೆಳಿಗ್ಗೆ ಒಂದು ಫೋನು ಮಾಡಿ, ಇವತ್ತು ಬಸ್ಸಿಗೆ ಹೋಗು ಎಂದು ಏನಾದರೂ ನೆವ ಹೇಳಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಕೆಂಕೆರೆಯಲ್ಲಿ ಹೆಣದ ಮುಂದೆ ಕೂತಿದ್ದೆ. ಫೋನು ಸೊಂಟದ ಚೀಲದಲ್ಲಿತ್ತು. ಗಡಿಯಾರ ಎದುರಿಗೇ ಇತ್ತು. ಏಳೂವರೆ ಆಯಿತು, ಅವಳು ತಿಂಡಿಗೆ ಕೂತಿರುತ್ತಾಳೆ. ಎದ್ದು ಹೊರಗೆ ಹೋಗಿ ಫೋನು ಮಾಡಬೇಕು. ಏನೆಂದು ಹೇಳುವುದು. ಬಸ್ಸಿಗೆ ಹೋಗು ಎಂದರೆ ಯಾಕೆ ಎಂದು ಕೇಳುತ್ತಾಳೆ. ಮಂಜು ಬಿದ್ದಿದೆ ಎನ್ನಲೇ, ಕನಸು ಬಿತ್ತು ಎನ್ನಲೇ. ಯಾರೋ ಅಳುತ್ತಾ ಬಂದು ನನ್ನ ಹೆಗಲ ಮೇಲೆ ಬಿದ್ದರು, ಅವರನ್ನು ಸಮಾಧಾನ ಮಾಡಿದೆ. ಅವರನ್ನು ಬಿಡಿಸಿಕೊಂಡು ಏಳಬಹುದಿತ್ತು. ಏಳಲಿಲ್ಲ. ಒಂದು ದಿನ ತಾನೇ, ಬಟ್ಟೆ ಇಟ್ಟು ಇಟ್ಟು ಇಷ್ಟು ಹೊತ್ತಿಗೆ ಎಣ್ಣೆ ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ಹೊಡೆಯಿತು.

ಎಂಟೂಕಾಲಕ್ಕೆ ಫೋನು ಬಂತು. ನಮ್ಮ ತೋಟದಲ್ಲಿ ಗುಂಡಿ ತೆಗೆದ ಆಳು.

"ಅವ್ವಾರೇ, ಟೀಚರಮ್ಮನ ಕಾರು ಗುಂಡಿಗೆ ಇಳ್ದೈತೆ. ಈಚೆಗೆ ತೆಗ್ದಿದೀವಿ. ಮಾತಾಡ್ತವ್ರೆ. ಕೈ ಎತ್ತಕ್ಕೆ ಆಯ್ತಿಲ್ಲ ಅಂತವ್ರೆ. ಆಟೋದಲ್ಲಿ ತಿಪ್ಟೂರಿಗೆ ಕರ್ಕಂಡು ಹೊಂಟಿದೀವಿ. ನೀವು ಅಲ್ಲಿಗೇ ಬಂದ್ಬುಡಿ."

ಆಮೇಲೆ ಅವನೇ ನಡೆದದ್ದು ಹೇಳಿದ. ಕಾರು ಹಿಂದಕ್ಕೆ ಬರುತ್ತಿತ್ತಂತೆ, ಜೋರಾಗಿಯೇ. ಅರ್ಧ ದಾರಿಯಲ್ಲಿ ಡೊಂಕಾಯಿತಂತೆ. ನಿಲ್ಸಿ ಅಂತ ಕೂಗುವಷ್ಟರಲ್ಲಿ ಹಿಂದಿನ ಚಕ್ರ ಗುಂಡಿಯೊಳಗೆ, ಮೂತಿ ಆಕಾಶಕ್ಕೆ. ಅವನು ಓಡಿ ಹೋಗಿ ಬಾಗಿಲು ತೆಗೆದಾಗ ಟಿವಿಯಲ್ಲಿ ಕಂಪನಿ ಗುರುತು ಬರುತ್ತಾ ಹೋಗುತ್ತಾ ಇತ್ತಂತೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಕತ್ತಿನ ಪ್ಲೇಟು ಹಿಡಿದಿದ್ದ ಒಂದು ಸ್ಕ್ರೂ ಸಡಿಲವಾಗಿದೆ, ನರಕ್ಕೆ ಒತ್ತುತ್ತಿದೆ ಅಂದರು. ಮತ್ತೆ ಕುಯ್ಯುವುದು ಬೇಡ, ಪಟ್ಟಿ ಹಾಕಿಕೊಂಡು ಮಲಗಿರಲಿ, ನೋಡೋಣ ಅಂದರು. ಬಲಗೈಯ ಎರಡು ಬೆರಳು ಸತ್ತ ಹಾಗೆ ಇದ್ದವು. ಡಾಕ್ಟರು ಪೆನ್ನು ಕೊಟ್ಟು ಹಿಡಿ ಅಂದರು. ಹಿಡಿದಳು, ಬಿತ್ತು. ಇನ್ನೊಂದು ಸಲ ಹಿಡಿದಳು, ಬಿತ್ತು. ನಾನು ಎತ್ತಿಕೊಡಲು ಬಗ್ಗಿದೆ. ಬೇಡ ಬುಡವ್ವ ಅಂದಳು.

ಮಾರನೇ ದಿನ ಮಧ್ಯಾಹ್ನ ಹಸು ನೋಡಲು ಮನೆಗೆ ಬಂದಾಗ ಗ್ಯಾರೇಜಿನವನು ಕಾರು ತೆಗೆದುಕೊಂಡು ಹೋಗಲು ಬಂದಿದ್ದ. ಅವನಿಗೆ ಮನಸ್ಸು ತಡೆದಿರಲಿಲ್ಲ. ತಾನು ಸರಿ ಮಾಡದೇ ಇದ್ದುದಕ್ಕೇ ಹೀಗಾಯಿತು ಎಂದುಕೊಂಡು ಅಲ್ಲೇ ಮರದಡಿ ಕೂತು ಟಿವಿ ಬಿಚ್ಚುತ್ತಿದ್ದ. ತಿರುಪನ್ನು ಹೊರಕ್ಕೆಳೆದ. ಒಳಗೆ ಬೆರಳಾಡಿಸಿದ. ಮೂಸಿ ನೋಡಿದ. ಇನ್ನೊಂದು ಸಲ ಮೂಸಿದ.

"ಅಜ್ಜಿ," ಅಂದ. "ಇದು ಕೊಬ್ರಿ ಎಣ್ಣೆ."

ತಿರುಪನ್ನು ನನ್ನ ಕಡೆ ಹಿಡಿದ.

"ಈ ತಿರುಪು ಒತ್ಕಂಡೇ ಇದ್ರೆ ಸಿಸ್ಟಮ್ಮು ಆಫ್ ಆಗಿ ತಿರ್ಗ ಆನ್ ಆಯ್ತದೆ. ಕೆಟ್ರೆ ಇರ್ಲಿ ಅಂತ ಕಂಪ್ನಿಯೋರೇ ಹಂಗೆ ಮಡಗವ್ರೆ. ಬೆಳಗ್ಗೆ ಚಳೀಗೆ ಎಣ್ಣೆ ಗಟ್ಟಿ ಆಗಿ ಒಳಗೇ ಕಚ್ಕಂಡೈತೆ. ಅದು ಯಾರೋ ಒತ್ತವ್ರೆ ಅಂದ್ಕಂಡು ಆರೋದು ಹತ್ತೋದು ಮಾಡೈತೆ. ಬೇರೆ ಊರ್ ಗಾಡೀಗೆ ಇಲಿ ಕಡಿತದೆ, ನಮ್ಮೂರ್ ಗಾಡೀಗೆ ಕೊಬ್ರಿ ಎಣ್ಣೆ." ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದ. "ನಾನೂ ಬಿಸಿಲಲ್ಲೇ ನೋಡ್ದೆ, ಒಂದ್ ದಿನ ಬೆಳಗ್ಗೆ ಎದ್ದು ಬಂದು ನೋಡ್ಲಿಲ್ಲ. ನಂದೂ ತೆಪ್ಪು."

"ನಿಂದಲ್ಲ ಬುಡಪ್ಪ."

"ಮಿಸ್ಸಿಗೆ ನಾನ್ ಹೇಳ್ಲಾ, ನೀವೇ ಹೇಳ್ತೀರಾ?"

"ನಾನೇ ಹೇಳ್ತೀನಿ."

ಒಂದು ಚಿಂದಿಗೆ ಸ್ಪಿರಿಟ್ಟು ಹಾಕಿ ಒರೆಸಿದ. ಅಷ್ಟೇ ಕೆಲಸ. ನಾನು ಎರಡು ಲೋಟ ಕಾಫಿ ಕಾಯಿಸುವಷ್ಟರಲ್ಲಿ ಮುಗಿಯಿತು.

ಸಂಜೆ ಆಸ್ಪತ್ರೆಯಲ್ಲಿ ಅವಳು ಸೂರು ನೋಡುತ್ತಾ ಮಲಗಿದ್ದಳು. ಬೇರೆ ಕಡೆ ನೋಡಲು ಬರುವುದಿಲ್ಲ. ನಾನು ಮಂಚದ ಪಕ್ಕ ಕೂತರೆ ಅವಳ ಕಣ್ಣಿಗೆ ನಾನು ಕಾಣುವುದಿಲ್ಲ, ಅದು ಒಳ್ಳೇದೇ ಆಯಿತು.

"ಟಿವಿ ತಿರುಪಿಗೆ ನಾನು ಎಣ್ಣೆ ಬಿಟ್ಟಿದ್ದೆ ಕಣೇ. ದೀಪಾವಳಿ ಆದ್ಮೇಲೆ."

"ಅದಕ್ಕಾ ಆರ್ತಾ ಇದ್ದಿದ್ದು?"

"ಹೂಂ. ಚಳೀಗೆ ಗಟ್ಟಿ ಆಯ್ತಿತ್ತು."

"ನಿಂಗೆ ಯಾವಾಗ ಗೊತ್ತಾಯ್ತು?"

ಇದನ್ನು ಕೇಳುತ್ತಾಳೆಂದು ಬಸ್ಸಿನಲ್ಲೇ ಯೋಚಿಸಿದ್ದೆ. ಇವತ್ತು ಗ್ಯಾರೇಜಿನವನು ಹೇಳಿದ ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು.

"ಒಂದ್ ತಿಂಗಳ ಮೇಲಾಯ್ತು."

"ಒಂದ್ ತಿಂಗಳಿಂದ ಸರಿ ಇತ್ತಲ್ಲ."

"ದಿನಾ ಬಿಸಿ ಬಟ್ಟೆ ಇಡ್ತಿದ್ದೆ, ನೀನು ತಿಂಡಿ ತಿನ್ನೋವಾಗ."

"ಇಬ್ಬನಿ ಒರೆಸ್ತೀನಿ ಅಂತ ಹೋಗ್ತಿದ್ದಿದ್ದು?"

"ಅದಕ್ಕೇಯ."

ಕಣ್ಣು ಮುಚ್ಚಿಕೊಂಡಳು. ಬೈಯಲಿ ಎಂದು ಕಾದೆ. ಪಕ್ಕದ ಮಂಚದವರು ಕಿತ್ತಳೆ ಸುಲಿಯುತ್ತಿದ್ದರು, ಅದರ ವಾಸನೆ ಬರುತ್ತಿತ್ತು.

"ನಮ್ಮವ್ವ ಈ ವಯಸ್ಸಲ್ಲೂ ಚಳೀಲಿ ಎದ್ದು ದಿನಾ ನನ್ ಕಾರು ಒರೆಸ್ತದೆ ಅಂತ ಸ್ಕೂಲಲ್ಲಿ ಎಲ್ರಿಗೂ ಹೇಳ್ಕಂಡು ತಿರುಗ್ದೆ ಕಣವ್ವ," ಅಂದಳು.

ಅಷ್ಟೇ. ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ನಾನು ತಿರುಗಿಸಿ ಬೈಯುತ್ತಿದ್ದೆ, ಇಬ್ಬರೂ ಅತ್ತು ಸುಮ್ಮನಾಗುತ್ತಿದ್ದೆವು. ಅವಳು ಅದಕ್ಕೆ ದಾರಿ ಕೊಡಲಿಲ್ಲ.

ಮನೆಗೆ ಬಂದಳು. ರಜೆ ಮುಗಿಯುವವರೆಗೆ ಮಲಗಿದ್ದಳು. ಗೋಡೆ ಕಡೆ ಮುಖ ಹಾಕಲಿಲ್ಲ, ಹಾಕಲು ಆಗುತ್ತಿರಲಿಲ್ಲ. ಬಲಗೈ ಅರ್ಧ ಬಂದಿದೆ. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದು ಬರೆದು ಕಲಿತಳು. ಅ ಆ ಇ ಈ ಎಂದು ಮೊದಲಿಂದ. ಆ ಅಕ್ಷರಗಳು ಇನ್ನೂ ಗೋಡೆ ಮೇಲಿವೆ, ನಾನು ಸುಣ್ಣ ಹೊಡೆಸಿಲ್ಲ.

ಕಾರು ರಿಪೇರಿಯಾಗಿ ಬಂದು ಶೀಟಿನ ಕೆಳಗೆ ನಿಂತಿದೆ. ಕತ್ತಿನ ಪಟ್ಟಿ ಇದ್ದರೂ ಸ್ವಲ್ಪ ದೂರ ಓಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಸ್ಕೂಲು ಶುರುವಾಗುವ ಹಿಂದಿನ ದಿನ ಹೋಗಿ ಕೂತಳು. ನಾನು ಜಗುಲಿಯಿಂದ ನೋಡುತ್ತಿದ್ದೆ. ಕೀ ತಿರುಗಿಸಿದಳು. ರಿವರ್ಸ್ ಹಾಕಿದಳು. ಟಿವಿಯಲ್ಲಿ ದಾರಿ, ಮರ, ದೂರದ ರಸ್ತೆ, ಎಲ್ಲಾ ಕನ್ನಡಿಯ ಹಾಗೆ ಬಂದಿರಬೇಕು. ಬಹಳ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಆಫ್ ಮಾಡಿ ಇಳಿದು ಬಂದಳು.

"ಯಾಕೇ, ಕಾಣ್ಲಿಲ್ವಾ?" ಎಂದೆ.

"ಕಾಣ್ತು. ಅವತ್ತೂ ಕಾಣ್ತಿತ್ತು," ಅಂದಳು.

ಮಾರನೇ ದಿನದಿಂದ ಬಸ್ಸಿಗೆ ಹೋಗುತ್ತಿದ್ದಾಳೆ. ಮನೆಯಲ್ಲೂ ಒಂದು ಅಭ್ಯಾಸ ಹತ್ತಿದೆ. ನಾನು ಕಾಫಿ ಕೊಟ್ಟರೆ ಲೋಟದೊಳಗೆ ಒಂದು ಸಲ ನೋಡಿ ಕುಡಿಯುತ್ತಾಳೆ. ಅವಳ ಮಾತ್ರೆ ಡಬ್ಬಿಯನ್ನು ನಾನು ಎತ್ತಿಟ್ಟರೆ ಮುಚ್ಚಳ ತೆಗೆದು ಎಣಿಸುತ್ತಾಳೆ. ಕದ್ದು ಮಾಡುವುದಿಲ್ಲ, ನನ್ನ ಎದುರಿಗೇ ಮಾಡುತ್ತಾಳೆ. ನಾನು ಅವಳಿಗೆ ವಿಷ ಹಾಕುತ್ತೇನೆಂದು ಅಲ್ಲ. ಒಳ್ಳೇದು ಮಾಡಿರುತ್ತೇನೇನೋ ಎಂಬ ಭಯ.

ಹೋದ ಸೋಮವಾರ ಬೆಳಿಗ್ಗೆ ಬಸ್ಸು ಕಾಯಲು ರಸ್ತೆಯವರೆಗೆ ಅವಳ ಚೀಲ ಹಿಡಿದುಕೊಂಡು ಹೋದೆ. ಹಿಂದಿನ ದಿನವೆಲ್ಲ ಭುಜದ ನೋವಿಗೆ ನರಳಿದ್ದಳು. ನನಗೆ ತಡೆಯಲಾಗಲಿಲ್ಲ.

"ನಾನು ಕಾರಿನ ಹಿಂದೆ ನಿಂತ್ಕತೀನಿ ಕಣೇ. ಟಿವಿ ನೋಡ್ಲೇಬೇಡ. ನಾನು ಬಾ ಅಂದ್ರೆ ಬಾ, ನಿಲ್ಸು ಅಂದ್ರೆ ನಿಲ್ಸು. ರಸ್ತೆ ತಂಕ ನಾನೇ ಕರ್ಕಂಡ್ ಬತ್ತೀನಿ."

"ನೀನ್ ಹೇಳಿದ್ ನಂಬ್ಕಂಡು ಬರ್ಲಾ?" ಅಂದಳು.

ಕೊಂಕು ಮಾತಾಗಿದ್ದರೆ ಜಗಳವಾಡಬಹುದಿತ್ತು. ಅದು ಕೊಂಕಲ್ಲ. ನಿಜವಾಗಿ ಕೇಳಿದಳು, ಕೇಳಿ ನನ್ನ ಉತ್ತರಕ್ಕೆ ಕಾದಳು. ಹೂಂ ಎಂದಿದ್ದರೆ ಮನೆ ಕಡೆ ಹೊರಟು ಬಿಡುತ್ತಿದ್ದಳೋ ಏನೋ. ನನ್ನ ಬಾಯಲ್ಲಿ ಅದು ಬರಲಿಲ್ಲ. ಬಸ್ಸು ಬಂತು, ಚೀಲ ಕೊಟ್ಟೆ, ಹತ್ತಿಕೊಂಡಳು.